ಸಹಾಯ ಬೇಕು: ಧ್ವನಿತಂತುಗಳು ತೆರೆದು ಮುಚ್ಚುವಾಗ, ಅವುಗಳ ಹಿಂತುದಿ ಅಂಟಿಕೊಂಡಿರುವ ಅರಿಟಿನಾಯ್ಡ್ ಮೃದ್ವಸ್ಥಿ ಹೇಗೆ ಚಲಿಸುತ್ತದೆ?

ಎಲ್ಲರಿಗೂ ನಮಸ್ಕಾರ. ಧ್ವನಿಪೆಟ್ಟಿಗೆಯ ಸ್ನಾಯುಗಳ ಬಗ್ಗೆ ಓದುತ್ತಿದ್ದೇನೆ, ತಿಳಿದವರ ನೆರವು ಬೇಕಾಗಿದೆ.

ಉಸಿರೆಳೆದುಕೊಳ್ಳುವಾಗ ಧ್ವನಿತಂತುಗಳನ್ನು ದೂರ ಸರಿಸುವ ಮುಖ್ಯ ಸ್ನಾಯು ಹಿಂಬದಿಯ ಕ್ರೈಕೋಅರಿಟಿನಾಯ್ಡ್ ಒಂದೇ ಎಂಬುದೂ, ಪಕ್ಕದ ಕ್ರೈಕೋಅರಿಟಿನಾಯ್ಡ್ ಹಾಗೂ ಎರಡು ಅರಿಟಿನಾಯ್ಡ್‌ಗಳ ನಡುವಿನ ಸ್ನಾಯು ಸೇರಿ ಅವುಗಳನ್ನು ಹತ್ತಿರ ತರುತ್ತವೆ ಎಂಬುದೂ ಅರ್ಥವಾಗಿದೆ. ಆದರೆ ಹಲವು ಚಿತ್ರಗಳಲ್ಲಿ ಅರಿಟಿನಾಯ್ಡ್ ಮೃದ್ವಸ್ಥಿಯು ಬಾಗಿಲಿನಂತೆ ನೆಟ್ಟನೆಯ ಅಕ್ಷದ ಸುತ್ತ ತಿರುಗುತ್ತದೆ. ಕೀಲಿನ ರಚನೆಯನ್ನು ಗಮನಿಸಿದರೆ ಅದು ಕ್ರೈಕಾಯ್ಡಿನ (ಧ್ವನಿಪೆಟ್ಟಿಗೆಯ ಬುಡದಲ್ಲಿರುವ ಉಂಗುರದಂಥ ಮೃದ್ವಸ್ಥಿಯ) ಇಳಿಜಾರಾದ ಅಂಚಿನ ಮೇಲೆ ವಾಲುತ್ತ, ತುಸು ಜಾರುತ್ತ ಚಲಿಸುವಂತೆ ಕಾಣುತ್ತದೆ, ಮತ್ತು ನನಗೆ ಈ ಎರಡನೆಯದೇ ಸರಿಯೆನಿಸುತ್ತದೆ. ಹಾಗಿದ್ದರೆ ತಂತುವಿನ ಹಿಂತುದಿಯು ತೆರೆಯುವಾಗ ಮೇಲಕ್ಕೂ ಹೊರಕ್ಕೂ, ಮುಚ್ಚುವಾಗ ಕೆಳಕ್ಕೂ ಒಳಕ್ಕೂ ಸಾಗುತ್ತದೆಯೇ?

ಇನ್ನೊಂದು ಪ್ರಶ್ನೆಯೂ ಇದೆ. ಕ್ರೈಕೋಥೈರಾಯ್ಡ್ ಸ್ನಾಯು ತಂತುಗಳನ್ನು ಎಳೆದು ಉದ್ದವಾಗಿಸಿ ಶ್ರುತಿಯನ್ನು ಏರಿಸುತ್ತದೆ, ಥೈರೋಅರಿಟಿನಾಯ್ಡ್ ಅವನ್ನು ಗಿಡ್ಡವಾಗಿಸಿ ದಪ್ಪಗೊಳಿಸುತ್ತದೆ. ಎರಡೂ ಒಟ್ಟಿಗೆ ಸಂಕುಚಿಸಿದಾಗ ಶ್ರುತಿಯನ್ನು ನಿರ್ಧರಿಸುವುದು ಯಾವುದು? (ಕಂಪನವನ್ನು ನಡೆಸುವುದು ಹೊರಬರುವ ಗಾಳಿಯೇ ಹೊರತು ಸ್ನಾಯುಗಳ ಮಿಡಿತವಲ್ಲ ಎಂಬುದು ಗೊತ್ತಿದೆ, ನಾನು ಕೇಳುತ್ತಿರುವುದು ಬಿಗಿತದ ಬಗ್ಗೆ ಮಾತ್ರ.)

ಕೀಲನ್ನು ಪಕ್ಕದಿಂದ ತೋರಿಸುವ ಮೂರು ಆಯಾಮದ ಮಾದರಿಯಾಗಲಿ, ನಿಧಾನಗತಿಯ ಲ್ಯಾರಿಂಗೋಸ್ಕೋಪಿ (ಧ್ವನಿಪೆಟ್ಟಿಗೆಯ ಒಳಭಾಗವನ್ನು ನೋಡುವ ಪರೀಕ್ಷೆ) ವಿಡಿಯೊ ಆಗಲಿ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.