ಪ್ರೈಮಾಕ್ವಿನ್ ಡೋಸ್ 15 ಎಂಜಿನಾ, 26.3 ಎಂಜಿನಾ? ಹಾಳೆಯಲ್ಲಿ ಯಾವುದನ್ನು ಬರೆಯಲಿ?

ಹೆಣ್ಣೂರು_ಓದುಗಿ

ಎಲ್ಲರಿಗೂ ನಮಸ್ಕಾರ. ಹೆಣ್ಣೂರು ಕಡೆ ಕಟ್ಟಡ ಕೆಲಸದವರ ಶೆಡ್‌ಗಳಿಗೆ ನಾವು ನಾಲ್ಕೈದು ಜನ ಭಾನುವಾರ ಹೋಗುತ್ತೇವೆ, ಆರೋಗ್ಯದ ವಿಷಯ ಮಾತಾಡೋಕೆ. ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು. ಮಲೇರಿಯಾ ಮಾತ್ರೆಗಳ ಬಗ್ಗೆ ಒಂದು ಪುಟದ ಕನ್ನಡ ಹಾಳೆ ಮಾಡೋಣ ಅಂತ ಕೂತೆ. ಪ್ರೈಮಾಕ್ವಿನ್ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ಒಂದು ಕಡೆ ದೊಡ್ಡವರಿಗೆ ದಿನಕ್ಕೆ 15 ಎಂಜಿ ಅಂತಿದೆ, ಇನ್ನೊಂದು ಕಡೆ 26.3 ಎಂಜಿ. ಒಂದು ಕಡೆ 14 ದಿನ, ಮತ್ತೊಂದು ಕಡೆ 7 ದಿನ, ಇನ್ನೊಂದರಲ್ಲಿ ಒಂದೇ ಸಲಕ್ಕೆ 45 ಎಂಜಿ! ಎಲ್ಲವೂ ನಂಬಬಹುದಾದ ಕಡೆಯೇ ಸಿಕ್ಕಿದ್ದು. ಇದರಲ್ಲಿ ತಪ್ಪು ಯಾವುದು? ತಪ್ಪು ಅಂಕಿ ಬರೆದು ಅಷ್ಟು ಜನರ ಕೈಗೆ ಕೊಟ್ಟರೆ ಆಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ, ಅದೇ ಭಯ.

ಮೆಡಿಕಲ್_ಅಂಗಡಿ_ಮಲ್ಲೇಶ್ವರ

ಮೇಡಂ, ಯಾವುದೂ ತಪ್ಪಲ್ಲ. ತೊಂದರೆ ಇರುವುದೇ ಅಲ್ಲಿ.

15 ಮತ್ತು 26.3 ಎರಡೂ ಒಂದೇ ಮಾತ್ರೆ. ಔಷಧ ಇರುವುದು ಪ್ರೈಮಾಕ್ವಿನ್ ಫಾಸ್ಫೇಟ್ ಅನ್ನೋ ಲವಣದ ರೂಪದಲ್ಲಿ. ಆ ಲವಣ 26.3 ಎಂಜಿ ತೂಗಿದರೆ ಅದರೊಳಗಿನ ಅಸಲು ಔಷಧ, ನಾವು ಬೇಸ್ ಅನ್ನೋದು, 15 ಎಂಜಿ. ಡಾಕ್ಟರು ಡೋಸ್ ಲೆಕ್ಕ ಹಾಕುವುದು ಬೇಸ್‌ನಲ್ಲಿ. ಯಾರಾದರೂ 26.3 ಅನ್ನೋದನ್ನೇ ಬೇಸ್ ಅಂದುಕೊಂಡರೆ ಒಂದೂಮುಕ್ಕಾಲು ಪಟ್ಟು ಔಷಧ ಹೊಟ್ಟೆಗೆ ಹೋಗುತ್ತದೆ. ಮಲೇರಿಯಾಗೆ ಕೊಡುವ ಇನ್ನೊಂದು ಮಾತ್ರೆ ಕ್ಲೋರೋಕ್ವಿನ್‌ನಲ್ಲೂ ಇದೇ ಕಥೆ, 250 ಎಂಜಿ ಫಾಸ್ಫೇಟ್ ಅಂದರೆ 150 ಎಂಜಿ ಬೇಸ್. ನಿಮ್ಮ ಹಾಳೆಯ ಆ ಭಾಗವನ್ನೂ ಇನ್ನೊಂದು ಸಲ ನೋಡಿಬಿಡಿ.

ದಿನಗಳ ವಿಷಯ ಬೇರೆ. ವೈವಾಕ್ಸ್ ಅನ್ನೋ ಬಗೆಯ ಮಲೇರಿಯಾಗೆ ನಮ್ಮ ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುವುದು ದೇಹದ ತೂಕದ ಕೆಜಿಗೆ ದಿನಕ್ಕೆ 0.25 ಎಂಜಿ, 14 ದಿನ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಜಿಗೆ 0.5 ಎಂಜಿಯಂತೆ 7 ದಿನದ ಕೋರ್ಸನ್ನೂ ಸೇರಿಸಿತು. ಕೂಡಿ ನೋಡಿ, ಎರಡರಲ್ಲೂ ಒಟ್ಟು ಕೆಜಿಗೆ 3.5 ಎಂಜಿಯೇ. ಆದರೆ ಒಂದರ ಡೋಸ್ ಇನ್ನೊಂದರ ದಿನಕ್ಕೆ ಅಂಟಿಕೊಂಡರೆ ಕೆಲಸ ಕೆಟ್ಟಿತು. ಇನ್ನು 45 ಎಂಜಿ ಒಂದೇ ಸಲ ಅನ್ನೋದು ಫಾಲ್ಸಿಪಾರಂ ಅನ್ನೋ ಇನ್ನೊಂದು ಬಗೆಯ ಮಲೇರಿಯಾಗೆ, ಅದೂ ನಮ್ಮ ದೇಶದ ಲೆಕ್ಕ, ಕೆಜಿಗೆ 0.75. ಅದೇ ಫಾಲ್ಸಿಪಾರಂಗೆ ವಿಶ್ವ ಆರೋಗ್ಯ ಸಂಸ್ಥೆ 2012ರಿಂದ 0.25 ಸಾಕು ಅನ್ನುತ್ತಿದೆ. ಅದಕ್ಕೇ ಅಂಕಿ ಬರೆಯುವಾಗ ಯಾವ ಮಲೇರಿಯಾ, ಯಾರ ಮಾರ್ಗಸೂಚಿ, ಯಾವ ವರ್ಷದ್ದು, ಬೇಸೋ ಲವಣವೋ, ಇಷ್ಟೂ ಪಕ್ಕದಲ್ಲೇ ಇರಬೇಕು.

ಸಿಸ್ಟರ್_ಕೆಂಗೇರಿ

ಅಂಗಡಿ ಸರ್ ಹೇಳಿದ್ದೆಲ್ಲ ಸರಿ. ಆದರೆ ಅಕ್ಕ, ಶೆಡ್‌ನವರಿಗೆ ಕೊಡುವ ಹಾಳೆಯಲ್ಲಿ ಎಂಜಿ ಲೆಕ್ಕ ಬೇಡವೇ ಬೇಡ. ಡೋಸ್ ಡಾಕ್ಟರ್ ಚೀಟಿಯಲ್ಲಿರಲಿ. ಅಂಕಿ ಕಂಡರೆ ಜನ ಚೀಟಿ ಇಲ್ಲದೆ ನೇರ ಅಂಗಡಿಗೆ ಹೋಗುತ್ತಾರೆ, ನಾನು ಕಂಡಿದ್ದೇನೆ.

ಅವರಿಗೆ ಬೇಕಾದ್ದು ಬೇರೆ. ಮೂರು ದಿನಕ್ಕೆ ಚಳಿ ಜ್ವರ ಬಿಟ್ಟಿತು ಅಂತ ಮಾತ್ರೆ ನಿಲ್ಲಿಸುತ್ತಾರೆ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ. ವೈವಾಕ್ಸ್ ಲಿವರ್‌ನಲ್ಲಿ ಮಲಗಿರುತ್ತದೆ, ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ. ಅದನ್ನು ತೆಗೆಯುವುದಕ್ಕೇ ಪ್ರೈಮಾಕ್ವಿನ್, ಆದ್ದರಿಂದ ಕೊನೆಯ ಮಾತ್ರೆವರೆಗೂ ನುಂಗಬೇಕು. ಖಾಲಿ ಹೊಟ್ಟೆಗೆ ಬೇಡ, ಹೊಟ್ಟೆ ನೋವು ಬಂದು ಅರ್ಧಕ್ಕೇ ಬಿಡುತ್ತಾರೆ.

ಬಸುರಿಯರಿಗೆ, ಹಸುಗೂಸುಗಳಿಗೆ ಇದನ್ನು ಕೊಡಲೇಬಾರದು. ಹಾಲುಣಿಸುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ಜಿ-6-ಪಿಡಿ ಅನ್ನೋ ಕಿಣ್ವ ಹುಟ್ಟಿನಿಂದಲೇ ಕಮ್ಮಿ ಇರುವವರಲ್ಲಿ ಈ ಮಾತ್ರೆ ರಕ್ತಕಣ ಒಡೆಯುತ್ತದೆ. ಅದಕ್ಕೆ ರಕ್ತ ಪರೀಕ್ಷೆ ಇದೆ, ಶುರು ಮಾಡುವ ಮುಂಚೆ ಕೇಳಿ. ಉಚ್ಚೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ಮೆಟ್ಟಿಲು ಹತ್ತುವಾಗ ಉಸಿರು ಕಟ್ಟಿದರೆ ಮಾತ್ರೆ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ. ಈ ಸಾಲು ದಪ್ಪ ಅಕ್ಷರದಲ್ಲಿರಲಿ.

ಹೆಣ್ಣೂರು_ಓದುಗಿ

ಸಿಸ್ಟರ್, ನೀವು ಹೇಳಿದ್ದು ನೋಡಿ ಹೋದ ವಾರದ್ದು ನೆನಪಾಯಿತು. ಒಬ್ಬಾಕೆ ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಸ್ಟ್ರಿಪ್ ತೋರಿಸಿದರು. ಕತ್ತರಿಸಿ ಕೊಟ್ಟ ತುಂಡು, ಆರು ಮಾತ್ರೆ. ಹಿಂದುಗಡೆ ಹೆಸರಿನ ಅರ್ಧ ಇತ್ತು, ಎಷ್ಟು ಎಂಜಿ ಅನ್ನೋದೂ ಇಲ್ಲ, ಎಕ್ಸ್‌ಪೈರಿ ತಾರೀಕೂ ಇಲ್ಲ. ಗಂಡನಿಗೆ ಜ್ವರ ಬಿಟ್ಟಿದೆ, ಮತ್ತೆ ಬಂದರೆ ಇರಲಿ ಅಂತ ಇಟ್ಟುಕೊಂಡಿದ್ದೇನೆ ಅಂದರು. ನಾನು ಏನೂ ಹೇಳಲಾಗದೆ ಬಂದೆ, ನನಗೇ ಗೊತ್ತಿರಲಿಲ್ಲ.

ಹಾಗಾದರೆ ಹಾಳೆಯಿಂದ ಎಂಜಿ ತೆಗೆಯುತ್ತೇನೆ. ಅಂಕಿಗಳಿಗೆ ನಮ್ಮ ಗುಂಪಿನವರಿಗೆ ಮಾತ್ರ ಬೇರೆ ಪುಟ ಮಾಡುತ್ತೇನೆ, ಬೇಸ್ ಎಷ್ಟು, ಯಾರ ಮಾರ್ಗಸೂಚಿ, ಯಾವ ವರ್ಷ ಅಂತ ಪಕ್ಕದಲ್ಲೇ ಬರೆದು.

ಮೆಡಿಕಲ್_ಅಂಗಡಿ_ಮಲ್ಲೇಶ್ವರ

ಒಳ್ಳೆಯದು. ಆ ಪುಟಕ್ಕೆ ತಯಾರಿಸಿದ ತಾರೀಕು ಹಾಕಿ, ಮಾರ್ಗಸೂಚಿ ಬದಲಾದರೆ ಹಳೆಯದನ್ನು ಹರಿದು ಹಾಕಿ. ಬೇರೆ ಕಡೆಯಿಂದ ಅಂಕಿ ನಕಲು ಮಾಡುವುದು ಬೇಡ, ಮೂಲ ಮಾರ್ಗಸೂಚಿ ತೆರೆದು ಅದರಿಂದಲೇ ಬರೆಯಿರಿ. ಪ್ರಿಂಟ್ ಹಾಕುವ ಮುಂಚೆ ಒಬ್ಬ ಡಾಕ್ಟರ್ ಕಣ್ಣು ಹಾಯಿಸಲೇಬೇಕು. ಮತ್ತೆ ಸ್ಟ್ರಿಪ್ ಕತ್ತರಿಸುವಾಗ ಹೆಸರು, ಎಂಜಿ, ತಾರೀಕು ಮೂರನ್ನೂ ಕವರ್ ಮೇಲೆ ಬರೆದುಕೊಡಿ ಅಂತ ಅಂಗಡಿಯವರನ್ನು ಕೇಳೋಕೆ ಶೆಡ್‌ನವರಿಗೆ ಹೇಳಿಕೊಡಿ. ಕೇಳಿದರೆ ನಾವು ಬರೆದುಕೊಡಲೇಬೇಕು.

ಸಿಸ್ಟರ್_ಕೆಂಗೇರಿ

ಅಕ್ಕ, ಇನ್ನೊಂದು. ರಾಯಚೂರು ಕಡೆಯವರಾದರೆ ಮಾತ್ರೆ ಅನ್ನೋ ಬದಲು ಗುಳಗಿ ಅಂತ ಬರೀರಿ. ಡ್ರಾಫ್ಟ್ ಆದ ಮೇಲೆ ಇಲ್ಲೇ ಹಾಕಿ, ರಾತ್ರಿ ಡ್ಯೂಟಿ ಮುಗಿಸಿ ಓದುತ್ತೇನೆ.