ಫೇಕೋಗೆ ತಣ್ಣನೆಯ ಬಿಎಸ್‌ಎಸ್ ಕೊಡುವಾಗ

ಪ್ರಶ್ನೆ (ಓಟಿ ಸಿಸ್ಟರ್): ಮೇಡಂ, ಫೇಕೋಗೆ (ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ಹೀರುವ ಆಪರೇಷನ್) ಬಿಎಸ್‌ಎಸ್ (ಕಣ್ಣೊಳಗೆ ಹರಿಸುವ ಲವಣ ದ್ರಾವಣ) ಬಾಟಲಿ ಫ್ರಿಜ್ಜಿನಲ್ಲಿಟ್ಟು ಕೊಡಿ, ಸೀಳು ಸುಡುವುದಿಲ್ಲ ಅಂತ ಹೊಸ ಸರ್ಜನ್ ಹೇಳಿದ್ದಾರೆ. ಎಷ್ಟು ತಣ್ಣಗಿರಬೇಕು? ವಿಸ್ಕೋ (ಕಣ್ಣೊಳಗೆ ತುಂಬುವ ಜೆಲ್), ಕಣ್ಣಿಗೆ ಕೂರಿಸುವ ಲೆನ್ಸ್ ಕೂಡ ಇಡಬೇಕಾ?

ಉತ್ತರ (ನೇತ್ರತಜ್ಞೆ): ಸುಮಾರು 4 ಡಿಗ್ರಿ ಸಾಕು ಸಿಸ್ಟರ್. ಲೇಬಲ್ಲಿನಲ್ಲಿ ಅಷ್ಟು ತಂಪಿಗೆ ಒಪ್ಪಿಗೆ ಇದೆಯಾ ನೋಡಿ, ಔಷಧದ ಫ್ರಿಜ್ಜಿನಲ್ಲಿ ಹಿಂದಿನ ರಾತ್ರಿಯೇ ಇಡಿ. ಫ್ರೀಜರಿನಲ್ಲಿ ಬೇಡವೇ ಬೇಡ. ಹೆಪ್ಪುಗಟ್ಟಿದ ಬಾಟಲಿ ಎಸೆಯಿರಿ, ಕರಗಿಸಿ ಬಳಸಬೇಡಿ. ಹೊರಗೆ ತೆಗೆದ ಬಾಟಲಿ ಬೆವರುತ್ತದೆ, ಆ ನೀರು ಸ್ಪೈಕ್ (ಟ್ಯೂಬಿನ ಚೂಪು ತುದಿ) ಚುಚ್ಚುವ ರಬ್ಬರಿನ ಮೇಲೇ ನಿಲ್ಲುತ್ತದೆ. ಒರೆಸಿ, ಸ್ಪಿರಿಟ್ ಹಚ್ಚಿ, ಒಣಗಿದ ಮೇಲೆ ಚುಚ್ಚಿ. ಮುಂಚೆಯೇ ನೇತುಹಾಕಿಟ್ಟರೆ ಬಿಸಿಯಾಗಿಬಿಡುತ್ತದೆ, ಒಂದೊಂದೇ ತೆಗೆಯಿರಿ.

ಸುಡುವ ವಿಷಯ ಮಾತ್ರ ಸ್ವಲ್ಪ ಬೇರೆ. ಟಿಪ್ (ಫೇಕೋ ಸೂಜಿಯ ತುದಿ) ಸೆಕೆಂಡಿಗೆ ಸುಮಾರು 40,000 ಸಲ ಅದುರುತ್ತದೆ. ಆ ಕಾವನ್ನು ಆರಿಸುವುದು ಹರಿಯುವ ದ್ರವ. ಹರಿವು ನಿಂತರೆ ಬಾಟಲಿ ಎಷ್ಟೇ ತಣ್ಣಗಿದ್ದರೂ ಪ್ರಯೋಜನವಿಲ್ಲ: ಸುಮಾರು 60 ಡಿಗ್ರಿಗೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಕೊಲಾಜನ್ ನಾರು ಮುದುಡುತ್ತದೆ, ಸೀಳು ಬಾಯಿಬಿಟ್ಟು ಸೋರುತ್ತದೆ, ಹೊಲಿಗೆ ಹಾಕಬೇಕು, ಆಮೇಲೆ ಸಿಲಿಂಡರ್ ನಂಬರ್ (ಕಾರ್ನಿಯಾ ಡೊಂಕಾಗಿ ಬರುವ ದೃಷ್ಟಿದೋಷ) ಉಳಿಯುತ್ತದೆ. ಹರಿವು ನಿಲ್ಲುವುದು ಹೆಚ್ಚಾಗಿ ಗಟ್ಟಿ ವಿಸ್ಕೋ ಟಿಪ್ಪಿನ ಬಾಯಿ ಕಟ್ಟಿದಾಗ, ಇಲ್ಲವೇ ಬಿಗಿಯಾದ ಸೀಳು ಸ್ಲೀವನ್ನು (ಟಿಪ್ಪಿನ ಸುತ್ತಲಿನ ಮೆತ್ತನೆಯ ತೋಳು) ಹಿಸುಕಿದಾಗ. ಅದಕ್ಕೇ ಅಲ್ಟ್ರಾಸೌಂಡ್ ಒತ್ತುವ ಮೊದಲು ಸರ್ಜನ್ ಪೆಡಲ್ 2ರಲ್ಲೇ (ದ್ರವ ಹರಿಸಿ ಹೀರುವ ಹಂತ) ನಿಂತು ನ್ಯೂಕ್ಲಿಯಸ್ (ಪೊರೆಯ ಗಟ್ಟಿ ತಿರುಳು) ಮೇಲಿನ ವಿಸ್ಕೋ ಹೀರಿ ಜಾಗ ಮಾಡಿಕೊಳ್ಳಬೇಕು. ಗಟ್ಟಿ ಪೊರೆಗೆ ಪವರ್ ಒಂದೇ ಸಮನೆ ಕೊಡದೆ ಪಲ್ಸಿನಲ್ಲಿ ಕೊಡಬೇಕು.

ಮಾನಿಟರಿನಲ್ಲಿ ಟಿಪ್ಪಿನ ಮುಂದೆ ಗಂಜಿ ತಿಳಿಯಂಥ ಬಿಳಿ ಮೋಡ ಕಂಡರೆ ಸಂಕೋಚಪಡದೆ ತಕ್ಷಣ ಹೇಳಿ. ಹರಿವು ಕಟ್ಟಿದ ಗುರುತು ಅದು. ಸರ್ಜನ್ ಆ ಕ್ಷಣವೇ ಪೆಡಲ್ ಬಿಡಬೇಕು.

ಫ್ರಿಜ್ಜಿನ ಹೈಲುರೊನೇಟ್ ವಿಸ್ಕೋ ಅರ್ಧ ಗಂಟೆ ಮುಂಚೆ ಹೊರಗಿರಲಿ. ಲೆನ್ಸನ್ನು ಖಂಡಿತ ತಣ್ಣಗಿಡಬೇಡಿ. ಹೈಡ್ರೋಫೋಬಿಕ್ (ನೀರು ಹೀರದ) ಅಕ್ರಿಲಿಕ್ ಲೆನ್ಸ್ ತಂಪಿಗೆ ಬಿರುಸಾಗುತ್ತದೆ, ಕಾರ್ಟ್ರಿಜ್ಜಿನಲ್ಲಿ (ಲೆನ್ಸ್ ಮಡಿಸಿ ಒಳತಳ್ಳುವ ನಳಿಗೆ) ಸಿಕ್ಕಿಕೊಂಡು ಗೀರು ಬೀಳಬಹುದು, ಕಣ್ಣೊಳಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಹಾಗಾದರೆ ತಣ್ಣನೆಯ ದ್ರವದಿಂದ ಲಾಭವೇನು? ಮರಗಟ್ಟಿಸುವ ಹನಿ ಹಾಕುವುದನ್ನು ನಿಲ್ಲಿಸಬಹುದಾ?

ಉತ್ತರ: ಲಾಭ ಇದೆ. ತಂಪಿಗೆ ಕಾರ್ನಿಯಾದ ನರ ಮಂಕಾಗಿ ನೋವು ಕಡಿಮೆ, ಮರುದಿನದ ಉರಿಯೂತವೂ ಕಡಿಮೆ. ಚೆನ್ನೈನ ಅಮರ್ ಅಗರ್‌ವಾಲ್ 1998ರಲ್ಲಿ ಅರಿವಳಿಕೆಯೇ ಇಲ್ಲದೆ ಫೇಕೋ ಮಾಡಿ ತೋರಿಸಿದ್ದಾರೆ, ಆದರೆ ಅದು ಪಳಗಿದ ಕೈಯ ಕೆಲಸ. ನೀವು ಮರಗಟ್ಟಿಸುವ ಪ್ರೊಪ್ಯಾರಕೇನ್ ಹನಿ ನಿಲ್ಲಿಸಬೇಡಿ, ಎಂದಿನಂತೆ ಹಾಕಿ. ಇನ್ನೊಂದು, ಮೊದಲ ತಣ್ಣನೆಯ ಧಾರೆಗೆ ರೋಗಿ ಬೆಚ್ಚಿ ತಲೆ ಅಲುಗಿಸುತ್ತಾರೆ. "ಅಜ್ಜಾ, ಈಗ ಕಣ್ಣಿಗೆ ತಣ್ಣಗಾಗುತ್ತೆ, ಅಲುಗಾಡಬೇಡಿ" ಅಂತ ಮೊದಲೇ ಹೇಳಿಬಿಡಿ.