ಸಹಾಯ ಬೇಕು: ಹಿತ್ತಾಳೆ ಕಡ್ಡಿಗಳು ಒಂದೇ ಮೂಲೆಗೆ ಸರಿಯುತ್ತಿವೆ

ನಮಸ್ಕಾರ. ಬೆಂಗಳೂರಿನ ಐಐಎಸ್‌ಸಿಯವರು 2014ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಮ್ಮ ಪಿಯುಸಿ ಮಕ್ಕಳಿಗೆ ತೋರಿಸಬೇಕು ಅಂತ ಆಸೆ. 4.5 ಮಿ.ಮೀ. ಉದ್ದದ, ಒಂದು ತುದಿ ಸಣ್ಣಗಿರುವ ಹಿತ್ತಾಳೆ ಕಡ್ಡಿಗಳನ್ನು ಅಲ್ಯೂಮಿನಿಯಂ ಮಣಿಗಳ ನಡುವೆ ಹಾಕಿ, ತಟ್ಟೆಯನ್ನು ಮೇಲೆ ಕೆಳಗೆ ಅದುರಿಸುತ್ತಾರೆ. ಮಣಿ ಸಾಕಷ್ಟಿದ್ದರೆ, ಕಡ್ಡಿ ಕಡಿಮೆ ಇದ್ದರೂ ಹಕ್ಕಿ ಹಿಂಡಿನ ಹಾಗೆ ಒಂದೇ ದಿಕ್ಕಿಗೆ ಹೊರಡುತ್ತವೆ. ಒಂದು ಕಡ್ಡಿ ತಳ್ಳಿದ ಮಣಿಗಳೇ ದೂರದ ಇನ್ನೊಂದನ್ನು ತಿರುಗಿಸುತ್ತವೆ. ಎಷ್ಟು ಚೆಂದ ಅಲ್ವಾ!

ನಾನು ಹಳೇ ವೂಫರ್ (ದೊಡ್ಡ ಸ್ಪೀಕರ್) ಮೇಲೆ ತಟ್ಟೆ ಅಂಟಿಸಿ, ಗಾಜು ಮುಚ್ಚಿದ್ದೇನೆ. ರಸಮಟ್ಟ ಇಟ್ಟರೆ ಗುಳ್ಳೆ ಸರಿಯಾಗಿ ನಡುವೆಯೇ ನಿಲ್ಲುತ್ತದೆ. ಆದರೂ ಅರ್ಧ ನಿಮಿಷದಲ್ಲಿ ಕಡ್ಡಿ, ಮಣಿ ಎಲ್ಲ ಒಂದೇ ಮೂಲೆಯಲ್ಲಿ ಗುಡ್ಡೆ. ವೂಫರ್ ಅಡ್ಡಡ್ಡ ಅಲುಗುತ್ತಿರಬಹುದಾ? ತಡೆಯೋದು ಹೇಗೆ? ಕಡ್ಡಿ ತುದಿಯನ್ನು ಲೇತಿನಲ್ಲಿ ಒಂದೇ ಸಮ ಸಣ್ಣ ಮಾಡಿಕೊಡುವವರು ಪೀಣ್ಯ ಕಡೆ ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.